ಸೂರಿನ ದಂಬೆ ಮತ್ತು ಎಲೆ ತಡೆಯುವ ಜಾಲರಿ: ಕಾಸರಗೋಡಿನ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಬಂತೆಂದರೆ ಈ ಪ್ರಶ್ನೆಗಳು ಶುರುವಾಗುತ್ತವೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹಂಚಿನ ಮನೆಯವರು, ತಾರಸಿಯ ಮೇಲೆ ಶೀಟು ಹೊದಿಸಿದವರು, ಹೊಸ ಮನೆ ಕಟ್ಟುತ್ತಿರುವವರು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದನ್ನೇ: ಒಮ್ಮೆ ಹಾಕಿದರೆ ಮತ್ತೆ ತಿರುಗಿ ನೋಡಬೇಕಾಗದ ದಂಬೆ ಯಾವುದು? ದಂಬೆ ಎಂದರೆ ಮಾಡಿನಿಂದ ಇಳಿಯುವ ನೀರನ್ನು ಸೂರಿನಲ್ಲಿ ಹಿಡಿದು ಸಾಗಿಸುವ ತೋಡು; ಅಂಗಡಿಯಲ್ಲಿ ಗಟರ್ ಎಂದು ಕೇಳಿ. ಕೆಲಸಕ್ಕೆ ಬರುವವರಿಗೆ ಪಾತಿ ಎಂದರೂ ಅರ್ಥವಾಗುತ್ತದೆ.

ನಿರ್ವಹಣೆಯೇ ಬೇಡದ ದಂಬೆ ಎಂಬುದು ಇದೆಯೇ?

ಇಲ್ಲ. ಹಾಗೆಂದು ಮಾರುವವರು ಬೇಕಾದಷ್ಟು ಜನ ಇದ್ದಾರೆ. ಜಾಲರಿ ಹಾಕಿದ ಮೇಲೆ ಕಸ ದಂಬೆಯೊಳಗೆ ಬೀಳುವ ಬದಲು ಜಾಲರಿಯ ಮೇಲೆ ಬೀಳುತ್ತದೆ, ಅಷ್ಟೇ ವ್ಯತ್ಯಾಸ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಏಣಿ ಇಡುವವರು ವರ್ಷಕ್ಕೆರಡು ಸಲ ಇಟ್ಟರೆ ಸಾಕು ಎಂಬ ಸ್ಥಿತಿಗೆ ಬರಬಹುದು. ಅದಕ್ಕೆ ಬೇಕಾಗಿರುವುದು ದುಬಾರಿ ಜಾಲರಿಯಲ್ಲ. ಅಗಲವಾದ ದಂಬೆ, ಸರಿಯಾದ ಇಳಿಜಾರು, ದೊಡ್ಡ ಇಳಿಕೊಳವೆ, ಕೈಗೆಟಕುವ ಜಾಗದಲ್ಲಿ ಎಲೆ ನಿಲ್ಲುವ ವ್ಯವಸ್ಥೆ, ಇವಿಷ್ಟು ಸರಿಯಾಗಿದ್ದರೆ ಜಾಲರಿಯ ಪ್ರಶ್ನೆ ಅರ್ಧ ಬಗೆಹರಿದಂತೆ.

ಅಜ್ಜನ ಕಾಲದ ಮನೆಗೆ ದಂಬೆಯೇ ಇರಲಿಲ್ಲ. ನಮಗೆ ಬೇಕೇ ಬೇಕೆ?

ನಾಲ್ಕೂ ಸುತ್ತ ಖಂಡಿತ ಬೇಡ. ಹಳೆಯ ಹಂಚಿನ ಮನೆಗಳ ಮಾಡು ಗೋಡೆಯಿಂದ ಎರಡೂವರೆ ಮೂರು ಅಡಿ ಹೊರಗೆ ಚಾಚಿರುತ್ತಿತ್ತು. ಸೂರು ನೀರು ಗೋಡೆಗೆ ತಾಗದೆ ಅಂಗಳದ ಕಲ್ಲುಕಟ್ಟಿನ ಚರಂಡಿಗೆ ಬೀಳುತ್ತಿತ್ತು. ನಿಮ್ಮ ಮನೆಯ ಹಿಂಬದಿ ಇವತ್ತಿಗೂ ಹಾಗೇ ಇದ್ದರೆ ಅಲ್ಲಿ ದಂಬೆ ಹಾಕಬೇಡಿ. ನೀರು ಬೀಳುವ ಗೆರೆಯುದ್ದಕ್ಕೂ ಒಂದೂವರೆ ಅಡಿ ಅಗಲಕ್ಕೆ ಜಲ್ಲಿ ಹಾಸಿ, ಪಕ್ಕದಲ್ಲಿ ಸಣ್ಣ ಚರಂಡಿ ತೆಗೆದರೆ ಕೆಸರು ಗೋಡೆಗೆ ಸಿಡಿಯುವುದಿಲ್ಲ. ಇಲ್ಲದ ದಂಬೆಗೆ ಎಲೆಯೂ ಸಿಕ್ಕಿಕೊಳ್ಳುವುದಿಲ್ಲ.

ದಂಬೆ ಬೇಕಾಗುವ ಜಾಗಗಳು ಬೇರೆ. ಬಾಗಿಲು ಮತ್ತು ಜಗಲಿಯ ಮುಂಭಾಗ. ಗಾರೆ ಬಳಿಯದ ಕೆಂಪು ಕಲ್ಲಿನ ಗೋಡೆ ಇರುವ ಬದಿ, ಏಕೆಂದರೆ ಮುರಕಲ್ಲು ನೀರು ಕುಡಿಯುತ್ತದೆ, ಆಟಿ ತಿಂಗಳು ಮುಗಿಯುವಷ್ಟರಲ್ಲಿ ಒಳಗೋಡೆಯಲ್ಲಿ ತೇವದ ಕಲೆ ಏಳುತ್ತದೆ. ಎರಡು ಮಾಡುಗಳು ಕೂಡುವ ಜಾಗ. ಗುಡ್ಡ ಕಡಿದು ತಟ್ಟು ಮಾಡಿ ಕಟ್ಟಿದ ಮನೆಯಾದರೆ ಮನೆಯ ಹಿಂದಿನ ದರೆಯ ಬದಿ. ಹೊಸ ಮನೆಗಳಲ್ಲಿ ಸೂರು ಒಂದೂವರೆ ಅಡಿಗಿಂತ ಕಡಿಮೆ ಚಾಚಿರುವುದರಿಂದ ಅಲ್ಲಿ ಎಲ್ಲ ಬದಿಗೂ ಹಾಕಬೇಕಾದೀತು.

ನಮ್ಮ ಮಳೆಗೆ ಎಷ್ಟು ದೊಡ್ಡ ದಂಬೆ, ಎಷ್ಟು ಇಂಚಿನ ಪೈಪು?

ಹೆಚ್ಚಿನವರು ಎಡವುವುದು ಇಲ್ಲಿ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಜೂನ್, ಜುಲೈ ತಿಂಗಳಲ್ಲಿ. ಆದರೆ ದಂಬೆಯ ಗಾತ್ರಕ್ಕೆ ಲೆಕ್ಕಕ್ಕೆ ಬರುವುದು ವರ್ಷದ ಮಳೆಯಲ್ಲ, ಜೋರಾಗಿ ಹೊಯ್ಯುವ ಆ ಹದಿನೈದು ನಿಮಿಷದ ಮಳೆ. ಅದನ್ನು ಗಂಟೆಗೆ 100 ಮಿ.ಮೀ. ಎಂದಾದರೂ ಹಿಡಿಯಬೇಕು, 150 ಎಂದು ಹಿಡಿದರೆ ಕ್ಷೇಮ.

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಮುಂಭಾಗದ ಮಾಡು 12 ಮೀಟರ್ ಉದ್ದ, 5 ಮೀಟರ್ ಅಗಲ ಇದೆಯೆಂದುಕೊಳ್ಳಿ. ಅಗಲವನ್ನು ಮಾಡಿನ ಇಳಿಜಾರಿನ ಮೇಲೆ ಅಳೆಯದೆ ನೆಲದ ಮೇಲೆ ಅಳೆಯಬೇಕು. ಒಟ್ಟು 60 ಚದರ ಮೀಟರ್. ಗಂಟೆಗೆ 100 ಮಿ.ಮೀ. ಮಳೆಯಲ್ಲಿ ಈ ಒಂದು ಬದಿಯಿಂದಲೇ ನಿಮಿಷಕ್ಕೆ 100 ಲೀಟರ್ ಇಳಿಯುತ್ತದೆ, 150 ಮಿ.ಮೀ. ಆದರೆ 150 ಲೀಟರ್. ಇದನ್ನು ಮೂರಿಂಚಿನ ಒಂದೇ ಪೈಪಿನಲ್ಲಿ ಇಳಿಸಲು ಹೊರಟರೆ ನೀರು ದಂಬೆಯ ಅಂಚು ಹಾರಿ ಜಗಲಿಗೆ ಬರುತ್ತದೆ. ಆಮೇಲೆ ದೂರು ಬರುವುದು ಜಾಲರಿಯ ಮೇಲೆ.

ಮಳೆಕೊಯ್ಲಿನ ಕೈಪಿಡಿಗಳಲ್ಲಿ ಬಳಕೆಯಲ್ಲಿರುವ ಕೋಷ್ಟಕದ ಪ್ರಕಾರ 75 ಮಿ.ಮೀ. ಪೈಪು, ಅಂದರೆ ಮೂರಿಂಚು, ಗಂಟೆಗೆ 100 ಮಿ.ಮೀ. ಮಳೆಯಲ್ಲಿ ಸುಮಾರು 20 ಚದರ ಮೀಟರ್ ಮಾಡಿನ ನೀರಿಗೆ ಸಾಕು. ನಾಲ್ಕಿಂಚಿನ 100 ಮಿ.ಮೀ. ಪೈಪು ಅದೇ ಮಳೆಯಲ್ಲಿ 42 ಚದರ ಮೀಟರ್‌ಗೂ, 150 ಮಿ.ಮೀ. ಮಳೆಯಲ್ಲಿ 28 ಚದರ ಮೀಟರ್‌ಗೂ ಸಾಕಾಗುತ್ತದೆ. ಒಂದಿಂಚು ಹೆಚ್ಚಾದರೆ ನೀರು ಇಮ್ಮಡಿ ಇಳಿಯುತ್ತದೆ ಎಂಬುದನ್ನು ಗಮನಿಸಿ. ಮೇಲಿನ 60 ಚದರ ಮೀಟರ್ ಮಾಡಿಗೆ ಎರಡು ತುದಿಗಳಲ್ಲಿ ಎರಡು ನಾಲ್ಕಿಂಚಿನ ಪೈಪು, ಆರಿಂಚು ಅಗಲದ ದಂಬೆ. ನಾಲ್ಕಿಂಚು, ಐದಿಂಚಿನ ದಂಬೆಗಳು ಕಾರ್ ಶೆಡ್ಡಿಗೆ, ಬಾತ್‌ರೂಮಿನ ಸಣ್ಣ ಮಾಡಿಗೆ ಆದೀತು.

ದೊಡ್ಡ ಪೈಪಿನ ಇನ್ನೊಂದು ಲಾಭ ಈ ಕೋಷ್ಟಕದಲ್ಲಿಲ್ಲ. ಮೂರಿಂಚಿನ ಬಾಯಿಗೆ ಹಲಸಿನ ಎರಡು ಎಲೆ ಅಡ್ಡ ಮಲಗಿದರೆ ಮುಚ್ಚಿಹೋಯಿತು. ನಾಲ್ಕಿಂಚಿನ ಬಾಯಿಯಲ್ಲಿ ಅವು ಮಡಚಿಕೊಂಡು ಕೆಳಗೆ ಹೋಗುತ್ತವೆ. ಪೈಪು ತಿರುಗುವಲ್ಲಿ 90 ಡಿಗ್ರಿಯ ಒಂದು ಬೆಂಡ್ ಹಾಕುವ ಬದಲು 45 ಡಿಗ್ರಿಯ ಎರಡು ಹಾಕಿಸಿ. ಕಸ ಸಿಕ್ಕಿಕೊಳ್ಳುವುದು ಯಾವಾಗಲೂ ಮೊದಲ ತಿರುವಿನಲ್ಲಿ.

ಇಳಿಜಾರು ಎಷ್ಟಿರಬೇಕು? ಸೊಟ್ಟಗೆ ಕಂಡರೆ ಚೆಂದ ಕೆಡುವುದಿಲ್ಲವೇ?

ಮೀಟರಿಗೆ 5 ಮಿ.ಮೀ. ಎಂಬುದು ಸಾಮಾನ್ಯ ಲೆಕ್ಕ. ಮರಗಳ ನಡುವಿನ ಮನೆಗೆ ಮೀಟರಿಗೆ 7ರಿಂದ 10 ಮಿ.ಮೀ. ಕೊಡಿ, ಎಲೆ ನೀರಿನ ಜೊತೆ ತಾನೇ ಹೋಗುತ್ತದೆ. ನಡುವೆ ಎತ್ತರ, ಎರಡೂ ತುದಿಗೆ ಇಳಿಜಾರು ಕೊಟ್ಟರೆ 12 ಮೀಟರಿನ ದಂಬೆಯಲ್ಲೂ ತುದಿಗೆ ಆರು ಸೆಂಟಿಮೀಟರಿಗಿಂತ ಹೆಚ್ಚು ಇಳಿಯುವುದಿಲ್ಲ. ಅಂಗಳದಲ್ಲಿ ನಿಂತವರಿಗೆ ಅದು ಕಾಣುವುದೂ ಇಲ್ಲ.

ಕೆಲಸದವರು ಏಣಿ ಇಳಿಸುವ ಮೊದಲು ಒಂದು ಬಕೆಟ್ ನೀರನ್ನು ಎತ್ತರದ ಜಾಗದಲ್ಲಿ ಹೊಯ್ಯಿಸಿ. ಐದು ನಿಮಿಷ ಬಿಟ್ಟು ನೋಡಿ. ಎಲ್ಲಾದರೂ ನೀರು ನಿಂತಿದ್ದರೆ ಅಲ್ಲಿನ ಬ್ರಾಕೆಟ್ ತಗ್ಗಿದೆ ಎಂದರ್ಥ. ಆಗಲೇ ಸರಿಮಾಡಿಸಿ, ಹಣ ಕೊಟ್ಟ ಮೇಲೆ ಯಾರೂ ಬರುವುದಿಲ್ಲ.

ಯಾವ ವಸ್ತುವಿನದ್ದು ಒಳ್ಳೆಯದು? ಪಿವಿಸಿಯೇ, ಅಲ್ಯೂಮಿನಿಯಮೇ, ಜಿಐಯೇ?

ಮನೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆ, ಬೇಕಲದಂಥ ಕಡಲ ಬದಿಯಲ್ಲಿ ಗಾಳಿಯಲ್ಲೇ ಉಪ್ಪಿದೆ. ಅಲ್ಲಿ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡಿನ ದಂಬೆ ಹಾಕಿದರೆ ಮೊದಲು ಮಡಿಕೆಗಳಲ್ಲಿ, ಆಮೇಲೆ ಸ್ಕ್ರೂ ತೂತಿನ ಸುತ್ತ ತುಕ್ಕು ಕಾಣುತ್ತದೆ. ಬಣ್ಣದ ಲೇಪನದ ಉಕ್ಕಿನ ದಂಬೆ ಇದಕ್ಕಿಂತ ಮೇಲು, ಆದರೆ ಕತ್ತರಿಸಿದ ಅಂಚಿನಲ್ಲಿ ಲೇಪನವಿರುವುದಿಲ್ಲ. ಕತ್ತರಿಸಿದ ದಿನವೇ ಆ ಅಂಚಿಗೆ ಬಣ್ಣ ಹಚ್ಚಿಸಬೇಕು. ಕಡಲ ಬದಿಗೆ ನನ್ನ ಆಯ್ಕೆ ಯುಪಿವಿಸಿ, ಅಂದರೆ ಗಟ್ಟಿ ಬಗೆಯ ಪಿವಿಸಿ.

ಯುಪಿವಿಸಿ ಎಂದಾಗ ದಂಬೆಯೆಂದೇ ತಯಾರಾದ, ಬಿಸಿಲು ತಡೆಯುವ ಮಾಲು. ತೋಟಕ್ಕೆ ನೀರು ಬಿಡುವ ಆರಿಂಚಿನ ಪೈಪನ್ನು ಉದ್ದಕ್ಕೆ ಸೀಳಿ ಸೂರಿಗೆ ಕಟ್ಟುವ ಉಪಾಯ ನಮ್ಮಲ್ಲಿ ಮನೆಮನೆಯಲ್ಲಿದೆ. ದನದ ಹಟ್ಟಿಗೆ ಅಡ್ಡಿಯಿಲ್ಲ. ಮನೆಯ ಮುಂಭಾಗಕ್ಕೆ ಬೇಡ: ಸೀಳಿದ ಪೈಪು ಬಿಸಿಲಿಗೆ ಅಂಕುಡೊಂಕಾಗುತ್ತದೆ, ಕೆಲವು ಬೇಸಿಗೆ ಕಳೆದ ಮೇಲೆ ತೆಂಗಿನ ಮಿಡಿ ಬಿದ್ದರೂ ಸಿಡಿಯುವಷ್ಟು ಪೆಡಸಾಗುತ್ತದೆ.

ಪಿವಿಸಿಯ ಇನ್ನೊಂದು ಗುಣವೆಂದರೆ ಬಿಸಿಲಿಗೆ ಹಿಗ್ಗುವುದು. ಹತ್ತು ಮೀಟರ್ ಉದ್ದದ ದಂಬೆ ಮುಂಜಾವಿನಿಂದ ಮಧ್ಯಾಹ್ನಕ್ಕೆ 30 ಡಿಗ್ರಿ ಬಿಸಿಯೇರಿದರೆ ಸುಮಾರು ಎರಡು ಸೆಂಟಿಮೀಟರ್ ಉದ್ದವಾಗುತ್ತದೆ. ಅದೇ ಅಲ್ಯೂಮಿನಿಯಂ ಆದರೆ ಮುಕ್ಕಾಲು ಸೆಂಟಿಮೀಟರ್, ಉಕ್ಕು ಇನ್ನೂ ಕಡಿಮೆ. ಎಲ್ಲ ಕೀಲುಗಳನ್ನೂ ಅಂಟು ಹಾಕಿ ಬಿಗಿದರೆ ಈ ಎರಡು ಸೆಂಟಿಮೀಟರಿಗೆ ಹೋಗಲು ಜಾಗವಿಲ್ಲದೆ ದುರ್ಬಲ ಕೀಲು ಬಾಯಿ ಬಿಡುತ್ತದೆ. ರಬ್ಬರ್ ಪಟ್ಟಿಯ ಕೀಲು ಇರುವುದನ್ನೇ ಕೇಳಿ ಪಡೆಯಿರಿ. ಬ್ರಾಕೆಟ್‌ಗಳ ನಡುವೆ ಎರಡು ಅಡಿಗಿಂತ ಹೆಚ್ಚು ಅಂತರ ಬೇಡ.

ಅಲ್ಯೂಮಿನಿಯಂ ಹಗುರ, ತುಕ್ಕಿಲ್ಲ, ಕೀಲು ಕಡಿಮೆ. ಪೇಟೆಯ ಮನೆಗೆ, ಬೋಳು ಗುಡ್ಡದ ಮೇಲಿನ ಮನೆಗೆ ಚೆನ್ನಾಗಿಯೇ ಬಾಳುತ್ತದೆ. ಹಸಿ ಸಿಮೆಂಟು ತಾಗಿದರೆ ಅದನ್ನು ತಿನ್ನುತ್ತದೆ, ಆದ್ದರಿಂದ ಗಾರೆ ಕೆಲಸ ಮುಗಿದ ಮೇಲೆ ಹಾಕಿಸಿ. ಸ್ಟೇನ್‌ಲೆಸ್ ಸ್ಟೀಲ್ ಎಲ್ಲಕ್ಕಿಂತ ಗಟ್ಟಿ, ಎಲ್ಲಕ್ಕಿಂತ ದುಬಾರಿ. ಕಡಲ ಬದಿಗಾದರೆ 304ಕ್ಕಿಂತ 316ನೇ ದರ್ಜೆ ವಾಸಿ. ಪೂರ್ತಿ ದಂಬೆಗೆ ಅಷ್ಟು ಸುರಿಯುವ ಬದಲು ಸ್ಕ್ರೂ, ಬ್ರಾಕೆಟ್, ಜಾಲರಿ ಈ ಮೂರನ್ನು ಸ್ಟೇನ್‌ಲೆಸ್ಸಿನಲ್ಲಿ ಮಾಡಿಸುವುದು ಜಾಣತನ.

ಅಡಿಕೆ ತೋಟದ ಮಧ್ಯದಲ್ಲಿ ಮನೆ. ಬೋರ್ಡೋ ಸಿಂಪಡಿಸಿದರೆ ದಂಬೆಗೆ ತೊಂದರೆಯೇ?

ತೊಂದರೆಯೇ. ಬದಿಯಡ್ಕ, ಪೆರ್ಲ, ಅಡೂರು ಕಡೆಯವರು ಈ ಪ್ರಶ್ನೆಯನ್ನು ಮೊದಲೇ ಕೇಳಬೇಕು, ಕೇಳುವವರು ಕಡಿಮೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ 40ರಿಂದ 45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುವ ಶೇಕಡಾ ಒಂದರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮದ್ದು ಬಿಡುವವರು ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರಲ್ಲ? ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕು ಎನ್ನುತ್ತಾರೆ. ಕತ್ತಿಯ ಮೇಲೆ ಕೂತ ಆ ಕೆಂಪು ತಾಮ್ರ. ತಾಮ್ರ ಬಂದು ಕೂರುವಾಗ ಅಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಮೈಲುತುತ್ತನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕದಡಬಾರದು ಎನ್ನುವುದೂ ಇದಕ್ಕೇ.

ಮಾಡಿನ ಮೇಲೆ ಹಾರಿ ಬಿದ್ದ ಬೋರ್ಡೋ ಮಳೆಗೆ ತೊಳೆದು ದಂಬೆಗೆ ಬರುತ್ತದೆ. ಜಿಐ ದಂಬೆಯ ಸತುವಿನ ಲೇಪನವನ್ನೂ ಅಲ್ಯೂಮಿನಿಯಮನ್ನೂ ತಾಮ್ರ ಇದೇ ರೀತಿ ತಿನ್ನುತ್ತದೆ. ಸುಣ್ಣ ಸರಿಯಾಗಿ ಬೆರೆತಿದ್ದರೆ ಹಾನಿ ನಿಧಾನ. ಆದರೆ ದಂಬೆಯ ತಳದಲ್ಲಿ ಕೊಳೆತ ಎಲೆ, ಮಣ್ಣು ನಿಂತಿದ್ದರೆ ನೀಲಿ ಪುಡಿ ಅದರಲ್ಲಿ ಕೂತು ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ. ಎರಡು ಮೂರು ಮಳೆಗಾಲ ಕಳೆದು ಕಸ ತೆಗೆದು ನೋಡಿದರೆ ಅಲ್ಯೂಮಿನಿಯಮಿನ ತಳದಲ್ಲಿ ಬಿಳಿ ಪುಡಿ ತುಂಬಿದ ಸಣ್ಣ ಸಣ್ಣ ಗುಳಿಗಳಿರುತ್ತವೆ. ಹಾಗಾಗಿ ತೋಟದೊಳಗಿನ ಮನೆಗೆ ಯುಪಿವಿಸಿ ಅಥವಾ ಫೈಬರ್ ದಂಬೆ. ಲೋಹದ್ದೇ ಇದ್ದರೆ ಸಿಂಪಡಣೆ ಮುಗಿದ ಸಂಜೆ ಮಾಡು, ದಂಬೆ ಎರಡನ್ನೂ ಪೈಪು ಹಿಡಿದು ತೊಳೆಯಿರಿ.

ಅಡಿಕೆ ಮರ ಸೀಳಿ ಮಾಡುವ ದಂಬೆ ಆಗದೇ?

ಹಟ್ಟಿಗೆ, ಕೊಟ್ಟಿಗೆಗೆ, ಈ ಮಳೆಗಾಲ ಹೇಗಾದರೂ ಕಳೆಯಲಿ ಎನ್ನುವ ಜಾಗಕ್ಕೆ ಅದಕ್ಕಿಂತ ಅಗ್ಗದ್ದು ಇಲ್ಲ. ಚೆನ್ನಾಗಿ ಬಲಿತ ಮರ ಬೇಕು, ಒಳಗಿನ ತಿರುಳನ್ನು ಪೂರ್ತಿ ಕೆತ್ತಿ ತೆಗೆದಿರಬೇಕು. ಒಂದೆರಡು ಮಳೆಗಾಲ ಬಾಳುತ್ತದೆ, ಆಮೇಲೆ ಒಲೆಗೆ.

ಎಲೆ ತಡೆಯುವ ಜಾಲರಿಗಳಲ್ಲಿ ಯಾವುದು ಒಳ್ಳೆಯದು?

ಪೇಟೆಯಲ್ಲಿ, ಆನ್‌ಲೈನಿನಲ್ಲಿ ಸಿಗುವವುಗಳನ್ನು ಒಂದೊಂದಾಗಿ ನೋಡೋಣ.

ಸ್ಪಂಜು. ದಂಬೆಯೊಳಗೆ ತುರುಕುವ ಉದ್ದನೆಯ ಸ್ಪಂಜಿನ ತುಂಡು. ನಮ್ಮ ಹವೆಗೆ ಇದನ್ನು ಯಾರೂ ಕೊಳ್ಳಬಾರದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದು ಒಣಗುವುದೇ ಇಲ್ಲ. ಪಾಚಿ ಕಟ್ಟುತ್ತದೆ, ಹಕ್ಕಿ ತಂದು ಹಾಕಿದ ಗೋಳಿ, ಅಶ್ವತ್ಥದ ಬೀಜ ಅದರಲ್ಲೇ ಮೊಳೆಯುತ್ತದೆ.

ಬ್ರಷ್. ಶೀಷೆ ತೊಳೆಯುವ ಬ್ರಷ್ಷಿನ ಆಕಾರದ ಉದ್ದನೆಯ ವಸ್ತು. ಮಾವಿನ ಎಲೆ ಅದರ ಮೇಲೆ ನಿಂತು ಗಾಳಿಗೆ ಹಾರಿಹೋಗಬಹುದು. ತೆಂಗಿನ ನಾರು, ಗಾಳಿ ಮರದ ಸೂಜಿಯೆಲೆ ಕೂದಲಿನಂತೆ ಸುತ್ತಿಕೊಂಡರೆ ಬಿಡಿಸಲು ಅರ್ಧ ದಿನ ಬೇಕು. ಒಂದೇ ಮಾವಿನ ಮರ ಇರುವ ಮನೆಗೆ ಸರಿ.

ಮುಚ್ಚಳದ ಮಾದರಿ. ನೀರು ಬಾಗಿದ ಮುಚ್ಚಳದ ಮೈಗೆ ಅಂಟಿಕೊಂಡು ಒಳಗೆ ತಿರುಗುತ್ತದೆ, ಎಲೆ ಮುಂದಕ್ಕೆ ಜಾರಿ ಬೀಳುತ್ತದೆ ಎಂಬುದು ಇದರ ತತ್ವ. ಜಿನುಗು ಮಳೆಯಲ್ಲಿ ನಿಜವೇ. ಆಷಾಢದ ಮಳೆಯಲ್ಲಿ, ಅದರಲ್ಲೂ ಶೀಟಿನ ಮೇಲಿಂದ ರಭಸದಿಂದ ಬರುವ ನೀರು ಎಲೆಯ ಜೊತೆಗೇ ಮುಂದಕ್ಕೆ ಜಿಗಿಯುತ್ತದೆ. ಮಂಗಳೂರು ಹಂಚಿನ ಕೆಳಗೆ ಇದರ ಅಂಚನ್ನು ತೂರಿಸಿ ಕೂರಿಸುವುದೂ ಕಷ್ಟ. ದುಡ್ಡಿಗೆ ದಂಡ.

ಪ್ಲಾಸ್ಟಿಕ್ ಬಲೆ, ಶೇಡ್ ನೆಟ್. ತೋಟದಲ್ಲಿ ಉಳಿದ ಶೇಡ್ ನೆಟ್ಟನ್ನು ದಂಬೆಯ ಮೇಲೆ ಎಳೆದು ಕಟ್ಟುವವರಿದ್ದಾರೆ. ಒದ್ದೆ ಎಲೆಯ ಭಾರಕ್ಕೆ ಅದು ಜೋತುಬಿದ್ದು ದಂಬೆಯೊಳಗೆ ಇಳಿಯುತ್ತದೆ. ಆಮೇಲೆ ದಂಬೆಯೂ ಕಟ್ಟುತ್ತದೆ, ಬಲೆಯನ್ನೂ ಬಿಡಿಸಬೇಕು.

ತೂತಿನ ಅಲ್ಯೂಮಿನಿಯಂ ತಗಡು. ನಾಲ್ಕೈದು ಮಿ.ಮೀ. ತೂತುಗಳಿರುವ ಈ ಹಾಳೆ ಗಟ್ಟಿ, ನೀರನ್ನು ಬೇಗ ಬಿಡುತ್ತದೆ, ಅಗಲ ಎಲೆಗಳನ್ನು ಚೆನ್ನಾಗಿ ತಡೆಯುತ್ತದೆ. ಹೂವಿನ ಪುಡಿ, ಸಣ್ಣ ಎಲೆ ಒಳಗೆ ಹೋಗುತ್ತವೆ. ಇಳಿಜಾರು ಸರಿಯಿದ್ದರೆ ನೀರಿನೊಡನೆ ಹೊರಗೂ ಹೋಗುತ್ತವೆ. ಹಲಸು, ಮಾವು, ಗೇರು, ತೇಗ ಇರುವಲ್ಲಿ ನಾನು ಹೇಳುವುದು ಇದನ್ನೇ. ಬೋರ್ಡೋ ಬೀಳುವ ಜಾಗವಾದರೆ ಇದೇ ತೂತಿನ ಸ್ಟೇನ್‌ಲೆಸ್ ಹಾಳೆ.

ಸ್ಟೇನ್‌ಲೆಸ್ಸಿನ ಸಣ್ಣ ಕಣ್ಣಿನ ಜಾಲರಿ. ಹೆಚ್ಚು ಹೊಗಳಿಸಿಕೊಂಡದ್ದು, ಹೆಚ್ಚು ಬೆಲೆಯದ್ದು. ಗಾಳಿ ಮರದ ಸೂಜಿಯನ್ನೂ ಹುಣಸೆಯ ಎಲೆಯನ್ನೂ ತಡೆಯುವುದು ಇದೊಂದೇ. ಆದರೆ ಮಾಡಿನಷ್ಟೇ ಓರೆಯಾಗಿ ಕೂರಿಸದೆ ಸಮತಟ್ಟಾಗಿ ಕೂರಿಸಿದರೆ ಅದರ ಮೇಲೆ ಒದ್ದೆ ಎಲೆ ಚಾಪೆಯಂತೆ ಹಾಸಿಕೊಂಡು ನೀರು ಅದರ ಮೇಲಿಂದಲೇ ಹರಿದುಹೋಗುತ್ತದೆ. ನೆರಳಿನ ಮನೆಗಳಲ್ಲಿ ಆಗಸ್ಟ್ ಹೊತ್ತಿಗೆ ಕಣ್ಣುಗಳಲ್ಲಿ ಪಾಚಿ ಕಟ್ಟುತ್ತದೆ. ಉದ್ದ ಹಿಡಿಯ ಗಟ್ಟಿ ಬ್ರಷ್ಷಿನಿಂದ ಒಮ್ಮೆ ಉಜ್ಜಲು ಸಾಧ್ಯವಾಗುವ ಎತ್ತರದಲ್ಲಿದ್ದರೆ ಮಾತ್ರ ಹಾಕಿಸಿ.

ಕೊನೆಯದು, ನನಗೆ ಇವೆಲ್ಲಕ್ಕಿಂತ ಮೆಚ್ಚಿಗೆಯಾದದ್ದು: ದಂಬೆಗೆ ಏನೂ ಮುಚ್ಚದೆ ತೆರೆದು ಬಿಡುವುದು, ಇಳಿಕೊಳವೆಯನ್ನು ಎದೆಯೆತ್ತರದಲ್ಲಿ ಕತ್ತರಿಸಿ ಅಲ್ಲಿ ಎಲೆಪೆಟ್ಟಿಗೆ ಕೂರಿಸುವುದು. ಪೆಟ್ಟಿಗೆಯ ಬಾಯಿಗೆ ಓರೆಯಾಗಿ ಐದು ಮಿ.ಮೀ. ಕಣ್ಣಿನ ಸ್ಟೇನ್‌ಲೆಸ್ ಜಾಲರಿ. ಮೇಲಿನ ಪೈಪಿನಿಂದ ನೀರೂ ಎಲೆಯೂ ಒಟ್ಟಿಗೆ ಬಂದು ಜಾಲರಿಗೆ ಬೀಳುತ್ತವೆ. ನೀರು ಒಳಗಿಳಿಯುತ್ತದೆ, ಎಲೆ ಜಾರಿ ನೆಲಕ್ಕೆ. ಉಳಿದದ್ದನ್ನು ಕೊಡೆ ಹಿಡಿದುಕೊಂಡೇ ಕೈಯಲ್ಲಿ ತೆಗೆಯಬಹುದು. ಇದನ್ನು ಯಾವ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡುತ್ತಾರೆ. ಆರಿಂಚಿನ ದಂಬೆ, ನಾಲ್ಕಿಂಚಿನ ಪೈಪು, ಒಳ್ಳೆಯ ಇಳಿಜಾರು ಇದ್ದಲ್ಲಿ ಮಾತ್ರ ಈ ಉಪಾಯ ನಡೆಯುತ್ತದೆ.

ತೆಂಗಿನ ಮರ ಮನೆಗೇ ಬಾಗಿದೆ. ಏನು ಹಾಕಲಿ?

ತೆಂಗಿನ ಮಡಲನ್ನು ತಡೆಯುವ ಜಾಲರಿ ಯಾರೂ ಮಾಡಿಲ್ಲ. ಮಡಲು ಬಿದ್ದರೆ ಜಾಲರಿಯೂ ಹೋಗುತ್ತದೆ, ದಂಬೆಯೂ ಹೋಗುತ್ತದೆ. ಒಣಮಡಲು, ಹಳೆಯ ಹೊಂಬಾಳೆಗಳನ್ನು ಮಳೆಗೆ ಮೊದಲು ಇಳಿಸುವುದೇ ದಾರಿ. ಮರ ಏರುವವರು ಸಿಗುವುದು ದುಸ್ತರ ಎನ್ನುವುದು ಗೊತ್ತಿದೆ. ಕಾಯಿ ಕೀಳಲು ಬಂದ ದಿನವೇ ಈ ಕೆಲಸವನ್ನೂ ಹೇಳಿಬಿಡಿ. ವರ್ಷವಿಡೀ ಉದುರುವ ಅಕ್ಕಿಕಾಳಿನ ಗಾತ್ರದ ಹೂ, ಮಿಡಿಕಾಯಿಗಳಿಗೆ ತೂತಿನ ತಗಡು ಸಾಕು. ಅಡಿಕೆಯ ಸೋಗೆ, ಹಾಳೆಗಳಿಗೂ ಇದೇ ಮಾತು.

ರಬ್ಬರ್ ತೋಟದ ಪಕ್ಕದವರಿಗೆ ಎಲೆ ಉದುರುವುದು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಮಳೆಯಿಲ್ಲದ ಕಾಲದಲ್ಲಿ. ಅವರಿಗೆ ಜಾಲರಿಯೇ ಬೇಡ, ಬೇಸಿಗೆಯಲ್ಲಿ ಒಮ್ಮೆ ಗುಡಿಸಿದರೆ ಆಯಿತು.

ಹಂಚಿನ ಮಾಡಿಗೆ ದಂಬೆ ಕೂರಿಸುವಾಗ ಗಮನಿಸಬೇಕಾದದ್ದು ಏನು?

ಪಕ್ಕಾಸಿನ, ಅಂದರೆ ಹಂಚು ಹೊರುವ ಓರೆ ಮರದ, ತುದಿ. ಹಳೆಯ ಮನೆಗಳಲ್ಲಿ ತುದಿಯ ಒಂದಡಿ ಮಳೆಗೆ ನೆನೆದು ಟೊಳ್ಳಾಗಿರುತ್ತದೆ ಅಥವಾ ಗೆದ್ದಲು ಹಿಡಿದಿರುತ್ತದೆ. ಕತ್ತಿಯ ಮೊನೆಯಿಂದ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಅಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ನೀರು ತುಂಬಿದ ಆರಿಂಚಿನ ದಂಬೆ ಮೀಟರಿಗೆ ಎಂಟೊಂಬತ್ತು ಕಿಲೋ ತೂಗುತ್ತದೆ ಎಂಬುದು ನೆನಪಿರಲಿ. ಪಕ್ಕಾಸಿನ ಬದಿಗೆ ಬೇರೆ ಮರದ ತುಂಡು ಜೋಡಿಸಿ ಅದಕ್ಕೆ ಬ್ರಾಕೆಟ್ ಹೊಡೆಯಬೇಕು. ಕೊನೆಯ ಸಾಲಿನ ಹಂಚು ದಂಬೆಯೊಳಕ್ಕೆ ಎರಡು ಇಂಚು ಚಾಚಿರಲಿ. ಅದಕ್ಕಿಂತ ಕಡಿಮೆಯಾದರೆ ಸಣ್ಣ ಮಳೆಯ ನೀರು ಹಂಚಿನ ಅಡಿಯಿಂದ ಹಿಂದಕ್ಕೆ ಹರಿದು ರೀಪನ್ನು ತೋಯಿಸುತ್ತದೆ, ಹೆಚ್ಚಾದರೆ ಕೈ ಹಾಕಿ ಕಸ ತೆಗೆಯಲು ಜಾಗವಿರುವುದಿಲ್ಲ. ದಂಬೆಯ ಹೊರ ಅಂಚು ಒಳ ಅಂಚಿಗಿಂತ ಸ್ವಲ್ಪ ತಗ್ಗಿರಬೇಕು. ಉಕ್ಕಿದರೆ ನೀರು ಅಂಗಳಕ್ಕೆ ಬೀಳಲಿ, ಗೋಡೆಗೆ ಬೇಡ.

ತಾರಸಿಯ ಮೇಲೆ ಶೀಟು ಹಾಕಿದ್ದೇವೆ. ಅದಕ್ಕೂ ಇದೇ ನಿಯಮವೇ?

ಬಹುಮಟ್ಟಿಗೆ. ಶೀಟಿನ ಮೇಲೆ ನೀರು ವೇಗವಾಗಿ ಬರುವುದರಿಂದ ದಂಬೆ ಅಗಲವಾಗಿರಬೇಕು. ಎರಡು ಶೀಟಿನ ಮಾಡುಗಳು ಕೂಡುವ ಕಣಿವೆಯಲ್ಲಿ ಒಂದಡಿ ಅಗಲದ ದಂಬೆ ಹಾಕಿಸಿ, ಅದರ ಮೇಲೆ ಯಾವ ಜಾಲರಿಯೂ ಬೇಡ. ಅಲ್ಲಿ ಕಟ್ಟಿಕೊಂಡರೆ ನೀರು ಬರುವುದು ಅಂಗಳಕ್ಕಲ್ಲ, ಮನೆಯೊಳಗೆ.

ಮಂಗಗಳ ಕಾಟಕ್ಕೆ ಏನು ಮಾಡುವುದು?

ದಂಬೆಯ ಮೇಲೆ ಓಡಾಡುವ ಮಂಗಗಳ ಭಾರವನ್ನು ಪಿವಿಸಿ ತಾಳುವುದಿಲ್ಲ. ಮಂಗ ಹೆಚ್ಚಿರುವಲ್ಲಿ ಬ್ರಾಕೆಟ್‌ಗಳನ್ನು ಒಂದೂವರೆ ಅಡಿಗೊಂದರಂತೆ ಹಾಕಿಸಿ, ಜಾಲರಿಯನ್ನು ಕ್ಲಿಪ್ಪಿನ ಬದಲು ಸ್ಕ್ರೂವಿನಿಂದ ಬಿಗಿಯಿರಿ. ಕ್ಲಿಪ್ಪು ಕಂಡರೆ ಅವು ಕಿತ್ತೇ ನೋಡುತ್ತವೆ.

ದಂಬೆಯಲ್ಲಿ ಸೊಳ್ಳೆ ಆಗುತ್ತದೆಯೇ?

ನೀರು ನಿಂತರೆ ಆಗುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ತೆಗೆದುಕೊಳ್ಳುವುದು ವಾರದಿಂದ ಹತ್ತು ದಿನ. ಜೂನ್‌ನ ಜಡಿಮಳೆಯಲ್ಲಿ ಮರಿಗಳು ಕೊಚ್ಚಿಹೋಗುತ್ತವೆ. ಅಪಾಯ ಮಳೆ ಬಿಟ್ಟುಬಿಟ್ಟು ಬರುವ ದಿನಗಳಲ್ಲಿ. ವಾರಕ್ಕೊಮ್ಮೆ ಡ್ರೈ ಡೇ ಎಂದು ಚಿಪ್ಪು, ಹಾಳೆ, ರಬ್ಬರ್ ಚಿರಟೆ ಕವುಚಿ ಹಾಕುವವರು ಸೂರಿನ ಕಡೆಗೆ ನೋಡುವುದಿಲ್ಲ. ಮೀಟರಿಗೆ 7 ಮಿ.ಮೀ. ಇಳಿಜಾರು ಹೇಳಿದ್ದರಲ್ಲಿ ಇದೂ ಒಂದು ಕಾರಣ.

ಈ ನೀರನ್ನು ಬಾವಿಗೆ ಬಿಡಬಹುದೇ?

ಬಿಡಬಹುದು, ನೇರವಾಗಿ ಬೇಡ. 120 ಚದರ ಮೀಟರ್ ಮಾಡಿನ ಮೇಲೆ ನಮ್ಮಲ್ಲಿ ವರ್ಷಕ್ಕೆ 4 ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಬೆರಳು ಗಾತ್ರದ ನೀರಿಗಾಗಿ ಗುಡ್ಡದ ಹೊಟ್ಟೆ ಕೊರೆದು ಸುರಂಗ ತೋಡಿದ ಎಣ್ಮಕಜೆ, ಪೈವಳಿಕೆಯ ಕಡೆಯಲ್ಲೂ ಇಷ್ಟು ನೀರು ಅಂಗಳ ದಾಟಿ ತೋಡು ಸೇರುತ್ತಿದೆ.

ಮೊದಲ ಒಂದೆರಡು ಮಿ.ಮೀ. ಮಳೆ ಮಾಡು ತೊಳೆದ ನೀರು. 100 ಚದರ ಮೀಟರಿಗೆ 100ರಿಂದ 200 ಲೀಟರ್. ಅದನ್ನು ಬೇರೆ ಪೈಪಿನಿಂದ ಹೊರಗೆ ಬಿಡಬೇಕು. ಉಳಿದದ್ದು ಎಲೆಪೆಟ್ಟಿಗೆ, ಆಮೇಲೆ ಜಲ್ಲಿ ಮತ್ತು ಮರಳಿನ ಸೋಸುಗುಂಡಿ ದಾಟಿ ಬಾವಿಯ ಪಕ್ಕದ ಇಂಗುಗುಂಡಿಗೆ ಇಳಿಯಲಿ. ಬೋರ್ಡೋ ಹೊಡೆದ ಮೇಲೆ ಒಂದೆರಡು ಒಳ್ಳೆಯ ಮಳೆ ಬಂದು ಮಾಡು ತೊಳೆಯುವ ತನಕ ಬಾವಿಯ ಕಡೆಯ ವಾಲ್ವ್ ಮುಚ್ಚಿಡಿ. ಕುಡಿಯುವ ಬಾವಿಗೆ ಹಳೆಯ ಆಸ್ಬೆಸ್ಟಾಸ್ ಶೀಟಿನ ನೀರು ಬಿಡುವ ಯೋಚನೆ ಬೇಡ.

ಯಾವಾಗ ಸ್ವಚ್ಛ ಮಾಡಬೇಕು?

ಪತ್ತನಾಜೆಗೆ ಮೊದಲೊಮ್ಮೆ, ತುಲಾ ಮಳೆಗೆ ಮೊದಲೊಮ್ಮೆ. ಅಂದರೆ ಮೇ ಮೂರನೇ ವಾರದೊಳಗೆ, ಮತ್ತೆ ಸೆಪ್ಟೆಂಬರ್ ಕೊನೆಗೆ. ಎಲೆಪೆಟ್ಟಿಗೆಯನ್ನು ಮಾತ್ರ ಮಳೆಗಾಲದಲ್ಲಿ ಆಗಾಗ ನೋಡುತ್ತಿರಿ.

ಒದ್ದೆ ಹಂಚಿನ ಮೇಲೆ ಕಾಲಿಡಬೇಡಿ, ಎಷ್ಟೇ ಅಭ್ಯಾಸವಿದ್ದರೂ. ಅಲ್ಯೂಮಿನಿಯಂ ಏಣಿ ಎತ್ತುವ ಮೊದಲು ಮನೆಗೆ ಬರುವ ವಿದ್ಯುತ್ ತಂತಿ ಎಲ್ಲಿದೆ ಎಂದು ನೋಡಿಕೊಳ್ಳಿ. ಏಣಿಯನ್ನು ದಂಬೆಗೆ ಒರಗಿಸಬೇಡಿ, ಗೋಡೆಗೆ ಒರಗಿಸಿ. ಎರಡಂತಸ್ತಿನ ಮನೆಯಾದರೆ ಈ ಕೆಲಸ ಬಲ್ಲವರನ್ನೇ ಕರೆಯಿರಿ.

ಖರ್ಚನ್ನು ಹೋಲಿಸುವುದು ಹೇಗೆ? ಮಂಗಳೂರಿನಿಂದ ತಂದರೆ ಅಗ್ಗವಂತೆ.

ಅಡಿಗೆ ಇಷ್ಟು ಎಂದು ಹೇಳುವ ದರದಲ್ಲಿ ಏನೇನು ಸೇರಿದೆ ಎಂದು ಕೇಳಿ. ಮೂಲೆ, ತುದಿಮುಚ್ಚಳ, ನೀರಿಳಿಯುವ ಬಾಯಿ, ಬ್ರಾಕೆಟ್ ಇವುಗಳನ್ನು ಬೇರೆ ಹಿಡಿದರೆ ಅಗ್ಗದ ದಂಬೆಯೇ ದುಬಾರಿಯಾಗಬಹುದು. ಬರೆಸಿಕೊಳ್ಳಿ: ದಂಬೆಯ ಅಗಲ, ತಗಡಾದರೆ ದಪ್ಪ, ಬ್ರಾಕೆಟ್‌ಗಳ ಅಂತರ, ಪೈಪಿನ ಗಾತ್ರ. ಊರು ಯಾವುದಾದರೂ ಆಗಲಿ, ಐದು ವರ್ಷ ಬಿಟ್ಟು ಒಂದು ಮೂಲೆ ಒಡೆದರೆ ಅದೇ ಅಳತೆಯ ಮೂಲೆ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ ಎಂಬುದು ಮುಖ್ಯ. ಒಂದು ಕಂಪೆನಿಯ ಮೂಲೆ ಇನ್ನೊಂದರ ದಂಬೆಗೆ ಕೂರುವುದಿಲ್ಲ. ಎರಡು ಬ್ರಾಕೆಟ್, ಒಂದು ಕೀಲು, ಒಂದು ಮೂಲೆ ಹೆಚ್ಚುವರಿ ಕೊಂಡು ಅಟ್ಟದಲ್ಲಿಡಿ.

ಈಗಾಗಲೇ ಹಾಕಿದ ದಂಬೆ ಉಕ್ಕುತ್ತಿದೆ. ಎಲ್ಲ ಕಿತ್ತು ಹೊಸದು ಹಾಕಬೇಕೇ?

ಅವಸರ ಬೇಡ. ಜೋರು ಮಳೆಯಲ್ಲಿ ಅಂಗಳದಲ್ಲಿ ನಿಂತು ಎಲ್ಲಿ ಉಕ್ಕುತ್ತದೆ ನೋಡಿ. ಇಳಿಕೊಳವೆಯ ಹತ್ತಿರ ಉಕ್ಕಿದರೆ ಪೈಪು ಕಟ್ಟಿದೆ ಅಥವಾ ಸಣ್ಣದಾಯಿತು. ನಡುವೆ ಒಂದೇ ಕಡೆ ಉಕ್ಕಿದರೆ ಅಲ್ಲಿ ಬ್ರಾಕೆಟ್ ಬಾಗಿದೆ ಅಥವಾ ಕಸ ನಿಂತಿದೆ. ಉದ್ದಕ್ಕೂ ಉಕ್ಕಿದರೆ ದಂಬೆ ಸಾಲದು. ಆಗಲೂ ದಂಬೆ ಬದಲಿಸುವ ಮೊದಲು ಇನ್ನೊಂದು ತುದಿಗೆ ಎರಡನೇ ಪೈಪು ಕೊಡಿಸಿ ನೋಡಿ, ಅನೇಕ ಮನೆಗಳಿಗೆ ಅಷ್ಟರಲ್ಲೇ ಸರಿಹೋಗುತ್ತದೆ. ನೀರು ದಂಬೆಗೆ ಬೀಳದೆ ಮುಂದಕ್ಕೆ ಹಾರುತ್ತಿದ್ದರೆ ಜಾಲರಿಯನ್ನು ಒಂದು ಮಳೆಗೆ ತೆಗೆದಿಡಿ. ಆಗ ಹಾರುವುದು ನಿಂತಿತೆಂದರೆ ಜಾಲರಿಯನ್ನು ಮತ್ತೆ ಹಾಕಬೇಡಿ, ಆ ದುಡ್ಡು ಹೋಯಿತೆಂದುಕೊಂಡು ಎಲೆಪೆಟ್ಟಿಗೆ ಮಾಡಿಸಿ.